ಪಿನ್ನಕ್ಕನ ಹೊಟ್ಟೆಯ ಅಲೆಗಳು

ಮೈಮೇಲೆ ಸದಾ ನಾಲ್ಕಾರು ಪಿನ್ನು ಸಿಕ್ಕಿಸಿಕೊಂಡೇ ಓಡಾಡುತ್ತಿದ್ದ ದರ್ಜಿಗೆ ಬೀದಿಯವರು ಪಿನ್ನಕ್ಕ ಎಂದೇ ಹೆಸರಿಟ್ಟಿದ್ದರು. ಕತ್ತರಿ ಹಿಡಿದರೆ ಗಟ್ಟಿಗಿತ್ತಿ. ಆದರೆ ಎರಡು ವರ್ಷದಿಂದ ಹೊಟ್ಟೆ ಅವಳ ಮಾತು ಕೇಳುತ್ತಿರಲಿಲ್ಲ. ನಾಲ್ಕು ತುತ್ತು ತಿಂದರೆ ಹೊಟ್ಟೆ ಕಲ್ಲಾಗುವುದು, ಆಮೇಲೆ ವಾಂತಿ. ಹೊಲಿಗೆ ಮೆಷಿನ್ನಿನ ಕೆಳಗೆ ಬಕೆಟ್ಟು ಬಚ್ಚಿಟ್ಟುಕೊಂಡು, ಗಿರಾಕಿ ಇರುವವರೆಗೂ ತಡೆದುಕೊಂಡು ಅಂಗಡಿ ನಡೆಸುತ್ತಿದ್ದಳು. ಡಾಕ್ಟರುಗಳು ಗಂಟಲಲ್ಲಿ ಟ್ಯೂಬು ಇಳಿಸಿ ನೋಡಿದರು, ಸ್ಕ್ಯಾನ್ ಮಾಡಿದರು. ಹುಣ್ಣಿಲ್ಲ, ಗಡ್ಡೆಯಿಲ್ಲ, ಎಲ್ಲ ಸರಿಯಾಗಿದೆ ಎಂದರು. ಸರಿಯಾಗಿದ್ದರೆ ಆ ಬಕೆಟ್ಟು ತುಂಬಿಸುತ್ತಿದ್ದವರು ಯಾರು, ಪಕ್ಕದ ಮನೆಯವರೇ?

ಗಂಡ ಕೆಟ್ಟವನಲ್ಲ. ಆದರೆ ಡಾಕ್ಟರ ಮಾತು ಅವನಿಗೆ ವೇದವಾಕ್ಯ.

"ಎಲ್ಲಾ ನಿನ್ನ ಭ್ರಮೆ ಕಣೆ. ಆ ಬಕೆಟ್ಟು ಮೊದಲು ಆಚೆ ಎಸಿ," ಎನ್ನುತ್ತಿದ್ದ.

ಅಷ್ಟರಲ್ಲಿ ದೊಡ್ಡಾಸ್ಪತ್ರೆಗೆ ಹೊಸ ಯಂತ್ರ ಬಂದ ಸುದ್ದಿ ಬಂತು. ಹೃದಯಕ್ಕಿರುವಂತೆ ಹೊಟ್ಟೆಗೂ ಕರುಳಿಗೂ ವಿದ್ಯುತ್ತಿನ ಅಲೆಗಳುಂಟಂತೆ. ಆ ಅಲೆಗಳಿಂದ ಹುಟ್ಟುವ ಇಷ್ಟೇ ಇಷ್ಟು ಕಾಂತಶಕ್ತಿಯನ್ನು ಈ ಯಂತ್ರ ಚುಚ್ಚದೆ, ಕೊಯ್ಯದೆ ಹೊರಗಿನಿಂದಲೇ ಅಳೆಯುವುದಂತೆ.

"ಇದ್ರಲ್ಲೂ ಸರಿ ಅಂತ ಬಂದ್ರೆ ಇದು ಅಂಗಡಿ ಚಿಂತೆಗೆ ಹುಟ್ಟಿದ ಭ್ರಮೆ ಅಂತಲೇ ಲೆಕ್ಕ. ಅಂಗಡಿ ಮುಚ್ಚಿ ಮನೇಲಿ ಸುಮ್ಮನಿರಬೇಕು," ಎಂದ ಗಂಡ.

"ಆಯ್ತು ರೀ. ಸರಿ ಇಲ್ಲ ಅಂತ ಬಂದ್ರೆ, ಭ್ರಮೆ ಅನ್ನೋ ಮಾತು ಇನ್ನೊಂದ್ಸಲ ನಿಮ್ಮ ಬಾಯಲ್ಲಿ ಬರಬಾರದು."

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೊದಲೇ ಹೇಳಿದ್ದಳು: "ಮೈಮೇಲೆ ಲೋಹದ ಚೂರೂ ಇರಬಾರದು." ಪಿನ್ನಕ್ಕ ಬಳೆ, ಓಲೆ, ಪಿನ್ನು ಎಲ್ಲ ಕಳಚಿ ಚೀಲಕ್ಕೆ ಹಾಕಿದಳು. ಆಸ್ಪತ್ರೆಯ ಗೌನು ತೊಟ್ಟಳು. ನೋಡಿದರೆ ಅದರ ಪಕ್ಕದ ಹೊಲಿಗೆ ಗೇಣುದ್ದ ಬಿಟ್ಟಿದೆ! ಹರಿದ ಬಟ್ಟೆ ಕಂಡರೆ ಅವಳ ಕೈ ಸುಮ್ಮನಿದ್ದದ್ದುಂಟೆ? ತಲೆಗೆ ತಿಳಿಯುವ ಮೊದಲೇ ಕೈ ಚೀಲದಿಂದ ಪಿನ್ನು ತೆಗೆದು ಒಳಗಿಂದ ಸಿಕ್ಕಿಸಿತ್ತು.

ದಪ್ಪ ಗೋಡೆಯ ಕೋಣೆಯಲ್ಲಿ ಮಲಗಿಸಿ, ಹೊಟ್ಟೆಯ ಮೇಲಕ್ಕೆ ಯಂತ್ರ ಇಳಿಸಿದರು. ಹೊರಗೆ ಪರದೆಯ ಮೇಲೆ ಗೆರೆಗಳು ಹುಚ್ಚೆದ್ದು ಕುಣಿದವು.

"ಏನೋ ಲೋಹ ಇದೆಯಲ್ಲಮ್ಮ!" ಎನ್ನುತ್ತ ಡಾಕ್ಟರಮ್ಮ ಒಳಗೆ ಬಂದಳು.

ಪಿನ್ನಕ್ಕನಿಗೆ ಆಗ ಪಿನ್ನಿನ ನೆನಪಾಯಿತು. ಕೆಂಪಾದ ಮುಖ ತಗ್ಗಿಸಿ ಪಿನ್ನು ಕಿತ್ತುಕೊಟ್ಟಳು.

"ಸುಸ್ತಾಗಿದ್ದೀರಿ. ಇನ್ನೊಂದು ದಿನ ಬನ್ನಿ."

"ತಪ್ಪು ನಂದು ಡಾಕ್ಟ್ರೇ, ಮಲಗೋಳೂ ನಾನೇ. ಮಾಡಿಸಿಕೊಳ್ದೆ ಇಲ್ಲಿಂದ ಏಳಲ್ಲ."

ಮತ್ತೆ ಮೊದಲಿನಿಂದ ಶುರು. ಖಾಲಿ ಹೊಟ್ಟೆಯ ಅಳತೆ ಮುಗಿದ ಮೇಲೆ ಬ್ರೆಡ್ಡು, ಮೊಟ್ಟೆ ತಿನ್ನಿಸಿ ಮತ್ತೆ ಮಲಗಿಸಿದರು. ಅಲುಗಬಾರದು, ಕಕ್ಕಬಾರದು. ಕಕ್ಕಿದರೆ ಎಲ್ಲ ನೀರಿನಲ್ಲಿ ಹೋಮ. ಹೊಟ್ಟೆ ಕಲ್ಲಾಯಿತು, ಬಾಯಲ್ಲಿ ಉಪ್ಪುನೀರು ತುಂಬಿತು, ಹಣೆ ಬೆವರಿತು. ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಆ ಹರಿದ ಗೌನು ಹೊಲಿಯತೊಡಗಿದಳು. ಹೊಲಿದು ಮುಗಿದರೆ ಬಿಚ್ಚಿ ಮತ್ತೆ ಹೊಲಿಯುವಳು. ಯಾರೋ ಬಂದು ಯಂತ್ರ ಮೇಲೆತ್ತುವವರೆಗೂ ಬಾಯಿ ಬಿಡಲಿಲ್ಲ. ಎತ್ತಿದ ಮರುಗಳಿಗೆ ಬಚ್ಚಲಿಗೆ ಓಡಿದಳು.

ಡಾಕ್ಟರಮ್ಮ ಹೊರಗೆ ಕಾಯುತ್ತಿದ್ದ ಗಂಡನನ್ನೂ ಕರೆದು, ಇಬ್ಬರನ್ನೂ ಕೂರಿಸಿಕೊಂಡು ಪರದೆ ತೋರಿಸಿದಳು. "ಅಲೆ ನಿಮಿಷಕ್ಕೆ ಸುಮಾರು ಮೂರರಂತೆ ಮೇಲಿಂದ ಕೆಳಗೆ ಸಾಗಬೇಕು. ಇವರದು ಅರ್ಧ ದಾರೀಲಿ ದಿಕ್ಕು ತಪ್ಪಿ ವಾಪಸ್ ಬರ್ತಿದೆ. ಊಟ ಹೇಗೆ ಇಳಿಯುತ್ತೆ?"

"ಇನ್ನೊಂದು ಪಿನ್ನು ಎಲ್ಲಾದ್ರೂ ಉಳಿದಿತ್ತೇನೋ..." ಎಂದ ಗಂಡ.

"ಪಿನ್ನಿದ್ರೆ ಉಸಿರಾಡಿದ ಹಾಗೆಲ್ಲ ಗೆರೆ ಕುಣಿಯುತ್ತೆ. ಇದು ಹೊಟ್ಟೇದೇ ಲಯ. ತಪ್ಪಿದ ಲಯ."

ಪಿನ್ನಕ್ಕ ಅತ್ತೇ ಬಿಟ್ಟಳು. ಕಾಯಿಲೆ ಇದೆ ಎಂದರೆ ಯಾರಾದರೂ ಖುಷಿಪಡುತ್ತಾರೆಯೇ? ಇವಳು ಪಟ್ಟಳು.

"ಹಾಗಾದ್ರೆ ನೀನು ಹೇಳ್ತಿದ್ದಿದ್ದು ನಿಜ ಆಯ್ತಲ್ಲೇ," ಎಂದ ಗಂಡ, ಸಣ್ಣ ದನಿಯಲ್ಲಿ.

"ಇವತ್ತು ನಿಜ ಆಗಿದ್ದಲ್ಲ ರೀ. ಇವತ್ತು ನಿಮಗೆ ಕೇಳಿಸಿದ್ದು."

ಮರುದಿನ ಬೆಳಿಗ್ಗೆ ಅವಳು ಡಾಕ್ಟರಮ್ಮ ಕೊಟ್ಟ ಔಷಧಿ ನುಂಗಿ ಅಂಗಡಿಗೆ ಬಂದಾಗ ಬಾಗಿಲು ಆಗಲೇ ತೆರೆದಿತ್ತು. ಗಂಡ ಬಕೆಟ್ಟು ತೊಳೆದು, ಮೆಷಿನ್ನಿನ ಕೆಳಗಲ್ಲ, ಪಕ್ಕದಲ್ಲೇ ಎಲ್ಲರಿಗೂ ಕಾಣುವಂತೆ ಇಟ್ಟು ಹೋಗಿದ್ದ.