ಎಡತೋಳಿನ ಮನೆ

ಟೈಲರಕ್ಕ ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಎಂಥ ಸೊಟ್ಟ ಮೈಗೂ ನೆಟ್ಟಗೆ ಕೂರುವ ಬಟ್ಟೆ ಹೊಲಿಯುತ್ತಾಳೆಂದು ಹೆಸರು. ಅಳತೆಯಲ್ಲಿ ದಾರದಷ್ಟೂ ತಪ್ಪಿದವಳಲ್ಲ. ತಪ್ಪಿದ್ದು ಒಂದೇ ಸಲ, ಸ್ವಂತ ಮನೆ ಕೊಳ್ಳುವಾಗ.

ಅವಳ ಗಂಡ ಬಸ್ ಡ್ರೈವರಾಗಿದ್ದವನು. ಸಕ್ಕರೆ ಕಾಯಿಲೆ ಎರಡು ಕಣ್ಣನ್ನೂ ತಿಂದುಹಾಕಿದ ಮೇಲೆ ಸ್ಟೀರಿಂಗ್ ಬಿಟ್ಟ, ಹಟ ಬಿಡಲಿಲ್ಲ. ಬಾಡಿಗೆ ಮನೆಯ ಮೂಲೆಮೂಲೆಯೂ ಅವನಿಗೆ ಬಾಯಿಪಾಠ. ಬೆಳಿಗ್ಗೆ ತಾನೇ ಎದ್ದು, ಗೋಡೆ ಮುಟ್ಟದೆ ಅಡುಗೆಮನೆಗೆ ಹೋಗಿ, ಚಹಾ ಕಾಸಿ, ಹೆಂಡತಿಯ ಹೊಲಿಗೆ ಮಷಿನ್ ಪಕ್ಕ ತಂದಿಡುತ್ತಿದ್ದ. ಯಾರಾದರೂ ಕೈ ಹಿಡಿಯಲು ಬಂದರೆ, "ನಾನೇನು ಮದುಮಗಳಾ?" ಎಂದು ಗದರುತ್ತಿದ್ದ. ಆ ಒಂದು ಲೋಟ ಚಹಾದ ಮೇಲೆ ಅವನ ಮಾನವೆಲ್ಲ ನಿಂತಿತ್ತು, ಅದು ಅವಳಿಗೂ ಗೊತ್ತಿತ್ತು.

ಆ ಬಾಡಿಗೆ ಮನೆಯಿದ್ದ ಸಾಲನ್ನೆಲ್ಲ ಕೆಡವುತ್ತಾರೆಂದು ಸುದ್ದಿ ಬಂದಾಗ ಅವನು ಬೇರೆಲ್ಲೂ ಕಾಲಿಡುವುದಿಲ್ಲವೆಂದು ಕೂತುಬಿಟ್ಟ. ಎದುರು ಸಾಲಿನಲ್ಲೊಂದು ಮನೆ ಮಾರಾಟಕ್ಕಿತ್ತು. ಎರಡೂ ಸಾಲು ಒಬ್ಬನೇ ಕಟ್ಟಿಸಿದ್ದು. ಅದೇ ಕೆಂಪು ನೆಲ, ಅದೇ ಕಿಟಕಿ. ಅವಳು ಒಂದು ಸುತ್ತು ಹಾಕಿ ಓಡಿ ಬಂದಳು. "ಅದೇ ಮನೆ ಕಣ್ರೀ, ಒಂದಿಂಚೂ ಬೇರೆ ಇಲ್ಲ." ಆ ಮಾತಿಗೆ ಅವನು ಒಪ್ಪಿದ.

ಬೀಗದಕೈ ಸಿಕ್ಕ ದಿನ ಪೊರಕೆ, ಬಕೆಟ್ ಹಿಡಿದು ಹೋದಳು. ಅಡುಗೆಮನೆಯಲ್ಲಿ ಕೈಯಲ್ಲಿದ್ದ ಬಟ್ಟೆಯನ್ನು ಅಭ್ಯಾಸಬಲದಿಂದ ಬಲಗಡೆಯ ಕಟ್ಟೆಯ ಮೇಲೆಸೆದಳು. ಅದು ನೆಲಕ್ಕೆ ಬಿತ್ತು. ಕಟ್ಟೆ ಎಡಕ್ಕಿತ್ತು. ಬಚ್ಚಲು, ಮಲಗುವ ಕೋಣೆ, ಎಲ್ಲವೂ ಅದಲುಬದಲು. ಒಂದು ಸಾಲು ಬಲತೋಳಾದರೆ ಇನ್ನೊಂದು ಎಡತೋಳು. ದಿನವೂ ಅಂಗಿಯ ತೋಳು ಕತ್ತರಿಸುವವಳ ಕಣ್ಣಿಗೆ ಅದು ಬಿದ್ದಿರಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ, ಹಾಗಾಯಿತು ಅವಳ ಪಾಡು.

ಮೇಸ್ತ್ರಿಯನ್ನು ಕರೆಸಿ ಕೈಮುಗಿದಳು. "ಹೇಗಾದ್ರೂ ಮಾಡಿ ಎಲ್ಲಾ ಬಲಕ್ಕೆ ತಿರುಗಿಸಿಕೊಡಣ್ಣಾ."

"ಕಟ್ಟೆ ಬೇಕಾದ್ರೆ ಒಡೆದು ಹಾಕ್ತೀನಿ ಅಕ್ಕಾ. ಬಾಗಿಲು, ಪೈಪು, ಮೋರಿ? ಮನೇನ ಅಂಗಿ ಥರ ಮಗುಚಿ ಹಾಕೋಕಾಗುತ್ತಾ?"

ಬೇರೆ ದಾರಿ ಕಾಣದೆ ದಪ್ಪ ಬಟ್ಟೆಯ ಉದ್ದನೆಯ ಪಟ್ಟಿ ಹೊಲಿದು, ಗೋಡೆಯುದ್ದಕ್ಕೂ ಮೊಳೆ ಹೊಡೆದು ಕಟ್ಟಿದಳು. ಅಡುಗೆಮನೆಗೆ ತಿರುಗುವಲ್ಲಿ ಕೋಟಿನ ದೊಡ್ಡ ಗುಂಡಿ, ಬಚ್ಚಲಿನ ಹತ್ತಿರ ಅಂಗಿಯ ಚಿಕ್ಕ ಗುಂಡಿ ಕೂರಿಸಿದಳು, ಬೆರಳಿಗೆ ಗುರುತು ಸಿಗಲೆಂದು. ಸೆರಗಿನಿಂದ ಕಣ್ಣು ಕಟ್ಟಿಕೊಂಡು ತಾನೇ ನಡೆದು ನೋಡಿದಳು. ಮೊಣಕಾಲು ತರಚಿತು. ಕಣ್ಣು ಬಿಚ್ಚದೆ ಅಲ್ಲೇ ಕುಸಿದು ಗೋಳೋ ಎಂದು ಅತ್ತಳು. ಗಂಡನ ಮುಂದೆ ಮಾತ್ರ ಬಾಯಿ ಬಿಡಲಾಗಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತಿರುವಾಗಲೇ ಒಂದು ದಿನ ಅವನು ಕೋಲು ಹಿಡಿದು ಎದ್ದು ನಿಂತ. "ನಡಿ, ನಮ್ಮನೆ ನೋಡೋಣ."

ಹೊಸ್ತಿಲು ದಾಟುತ್ತಲೇ ಕೈಗೆ ಪಟ್ಟಿ ತಗುಲಿತು.

"ಇದೇನೇ?"

"ನಿಮಗೆ ಹಿಡ್ಕೊಳ್ಳೋಕೆ..."

"ನನ್ನೇನು ದನ ಅಂದ್ಕೊಂಡ್ಯಾ, ಹಗ್ಗ ಕಟ್ಟೋಕೆ? ಅದೇ ಮನೆ ಅಂದ್ಯಲ್ಲ!" ಜಗ್ಗಿದ ರಭಸಕ್ಕೆ ಪಟ್ಟಿ ಮೊಳೆಗೆ ಸಿಕ್ಕಿ ಹರಿಯಿತು. ಗುಂಡಿಗಳು ಕಿತ್ತು ನೆಲದ ಮೇಲೆ ಉರುಳಿದವು.

"ರೀ, ನಿಲ್ರೀ..." ಎನ್ನುವಷ್ಟರಲ್ಲಿ ಅವನು ನೇರ ಹೋಗಿ ಬಲಕ್ಕೆ ತಿರುಗಿಯಾಗಿತ್ತು. ಹಣೆ ಗೋಡೆಗೆ ಬಡಿಯಿತು. ಹಿಂದೆ ಸರಿದು ಮತ್ತೆ ಬಲಕ್ಕೇ ತಿರುಗಿದ. ಮತ್ತೆ ಗೋಡೆ. ಅಲ್ಲಿಲ್ಲದ ಬಾಗಿಲಿಗಾಗಿ ಬಲಗೈ ಸವರುತ್ತಲೇ ಇತ್ತು.

"ಎಲ್ಲಾ ಎಡಕ್ಕಿದೆ ರೀ," ಎಂದಳು. "ನಾನೇ ಸರಿಯಾಗಿ ನೋಡ್ಲಿಲ್ಲ. ಮನೆಹಾಳಿ ನಾನು."

ಅವನು ಬೈಯಲಿಲ್ಲ. ಬೈದಿದ್ದರೆ ಅವಳ ಎದೆ ಹಗುರವಾಗುತ್ತಿತ್ತು. ಎದುರಿಗೆ, ಹಳೇ ಮನೆಯ ಸಾಲಿನಲ್ಲಿ ಗೋಡೆ ಕೆಡವುವ ಹಾರೆಯ ಸದ್ದು ಕೇಳುತ್ತಿತ್ತು. ಅವನು ಆ ಸದ್ದಿನ ಕಡೆಗೆ ಮುಖ ತಿರುಗಿಸಿದ. ಆಮೇಲೆ ಮಂಡಿಯೂರಿ ನೆಲವನ್ನು ತಡಕಾಡಿದ. ಬೆರಳಿಗೆ ದೊಡ್ಡ ಗುಂಡಿ ಸಿಕ್ಕಿತು.

"ಇದು ಎಲ್ಲೀದು?"

"ಅಡುಗೆಮನೇದು."

ಅದನ್ನು ಅವಳ ಅಳು ಕೇಳಿದ ಕಡೆಗೆ ಚಾಚಿದ. "ಗಟ್ಟಿಯಾಗಿ ಹೊಲಿ," ಎಂದ.