ರೋಜಾ ಹಿಡಿದವರು ಕಾಸಿದ ಗಂಜಿ

ಬೈಲಹೊಂಗಲದಲ್ಲಿ ನಾವು ಬಾಡಿಗೆಗಿದ್ದ ಮನೆಗೂ ಖಾಲಾ ಮನೆಗೂ ನಡುವೆ ಒಂದೇ ಗೋಡೆ. ಅವರು ನನ್ನ ತಾಯಿಯ ವಯಸ್ಸಿನವರು. ಓಣಿಯವರೆಲ್ಲ ಕರೆಯುವಂತೆ ನಾನೂ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಆ ವರ್ಷ ರಮಜಾನ್ ಶುರುವಾದ ವಾರವೇ ನನ್ನ ಹೊಟ್ಟೆಯಲ್ಲಿದ್ದ ಐದು ತಿಂಗಳ ಕೂಸು ಹೋಯಿತು. ಧಾರವಾಡದ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಒಂದು ತುತ್ತೂ ಗಂಟಲಲ್ಲಿ ಇಳಿಯಲೊಲ್ಲದು. ಆರೈಕೆಗೆಂದು ಹೂಲಿಯಿಂದ ಬಂದಿದ್ದ ಅತ್ತೆ ಮೆತ್ತಗೆ ಅನ್ನ ಕಲಸಿ ಬಾಯಿಗೆ ಹಿಡಿದರೂ ಗೋಡೆಯ ಕಡೆ ಹೊರಳುತ್ತಿದ್ದೆ.

ಒಂದು ಮಧ್ಯಾಹ್ನ ಖಾಲಾ ಸೆರಗಿನಲ್ಲಿ ಬಿಸಿ ಪಾತ್ರೆ ಹಿಡಿದುಕೊಂಡು ಬಾಗಿಲಿಗೆ ಬಂದರು.

“ಜವಿಗೋದಿ ಹಿಟ್ಟು ಹಾಲಾಗ ಕುದಿಸಿ ಜೇನುತುಪ್ಪ ಹಾಕೇನ್ರಿ ಕಾಕು. ಪಾತ್ರಿ ಹೊಸಾದು, ಅದರಾಗ ಮಾಂಸ ಮಾಡಿಲ್ಲ. ದುಃಖದಾಗ ಇದ್ದವರಿಗೆ, ಜಡ್ಡಾದವರಿಗೆ ಇದನ್ನ ಕುಡಸಬೇಕಂತ ನಮ್ಮ ಪೈಗಂಬರರು ಹೇಳ್ಯಾರ. ಮನಸಿಗೆ ಹಗುರ ಆಕ್ಕೈತಿ.”

ಅತ್ತೆ ಎದ್ದು ಬಾಗಿಲಿಗೆ ಹೋದರು. ಅವರು ಪುರೋಹಿತರ ಮನೆಯ ಮಗಳು. ನೆಂಟರ ಮನೆಗೆ ಹೋದರೂ ತಮ್ಮ ಅಡುಗೆ ತಾವೇ ಮಾಡಿಕೊಂಡು ಉಣ್ಣುವವರು. ಬೇಡವೆಂದು ಕಳಿಸಿಬಿಡುತ್ತಾರೆ ಎಂದೇ ನಾನು ಮಲಗಿದಲ್ಲಿಂದ ನೋಡುತ್ತಿದ್ದೆ.

ಖಾಲಾ ಹೊಸ್ತಿಲು ದಾಟಿರಲಿಲ್ಲ. “ಒಂದ ಅಡಚಣಿ ಐತ್ರಿ” ಎಂದರು. “ನಂದು ರೋಜಾ, ರುಚಿ ನೋಡಿಲ್ಲ. ಸಿಹಿ ಹೆಚ್ಚುಕಡಿಮಿ ಆಗಿದ್ರ ಈಕಿ ಮತ್ತ ಬ್ಯಾಡ ಅಂತಾಳ. ನೀವ ಒಂದೀಟು ನೋಡ್ರಿ.”

ಬೇಸಿಗೆಯ ಬಿಸಿಲು. ಖಾಲಾ ಅವರ ತುಟಿಗಳು ಒಣಗಿ ಬಿಳಚಿಕೊಂಡಿದ್ದವು. ಬೆಳಗಿನಿಂದ ಒಂದು ಗುಟುಕು ನೀರೂ ಕುಡಿಯದೆ ಒಲೆಯ ಮುಂದೆ ನಿಂತು ಕಾಸಿ ತಂದಿದ್ದರು. ಅತ್ತೆ ಅವರ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಅಂಗೈ ಚಾಚಿದರು. ಖಾಲಾ ಚಮಚದಿಂದ ಸುರಿದರು. ಅತ್ತೆ ಸವಿದು ನೋಡಿ, “ಸಿಹಿ ಬರೋಬರಿ ಅದ. ಯಾಲಕ್ಕಿ ಬೇಕಿತ್ತು. ಬರ್ರಿ, ಒಳಗ ಕುಂತ್ಗೋರಿ” ಎಂದವರೇ ಯಾಲಕ್ಕಿ ಕುಟ್ಟಲು ಹೋದರು.

ಖಾಲಾ ನನ್ನನ್ನು ಎಬ್ಬಿಸಿ ಕೂರಿಸಿದರು. ಅತ್ತೆ ಯಾಲಕ್ಕಿ ಪುಡಿ ಉದುರಿಸಿ ಗಂಜಿಯನ್ನು ಬಟ್ಟಲಿಗೆ ಹಾಕಿ ತಂದು ಪಕ್ಕದಲ್ಲಿ ಕುಳಿತರು. ನಾನು ಬಟ್ಟಲಿಗೆ ಊದಲು ಹೋದೆ.

“ಊದಬ್ಯಾಡ, ತಾನ ಆರತೈತಿ. ಬಲಗೈಲೆ ಹಿಡಕೋ. ಸ್ವಲ್ಪ ಸ್ವಲ್ಪ ಕುಡಿ, ನಡುವ ಉಸಿರು ಬಿಡು.” ತಾವು ಮೆಲ್ಲಗೆ ‘ಬಿಸ್ಮಿಲ್ಲಾ’ ಎಂದು, “ನೀ ನಿಮ್ಮ ದೇವರ ಹೆಸರು ತಗೊಳ್ಳವಾ” ಎಂದರು.

ನನಗೆ ಯಾವ ಹೆಸರೂ ಬಾಯಿಗೆ ಬರಲಿಲ್ಲ. ಆ ದೇವರ ಮೇಲೇ ಸಿಟ್ಟಿತ್ತು. ಅಳು ಒತ್ತಿ ಬಂತು. ಆಸ್ಪತ್ರೆಯಲ್ಲೂ ಅಳದವಳು ಅಂದು ಬಟ್ಟಲು ಹಿಡಿದುಕೊಂಡು ಬಿಕ್ಕಿಬಿಕ್ಕಿ ಅತ್ತುಬಿಟ್ಟೆ. ಇಬ್ಬರೂ ಸುಮ್ಮನಿರು ಎನ್ನಲಿಲ್ಲ. ಒಬ್ಬರು ಬೆನ್ನು ಸವರಿದರು, ಇನ್ನೊಬ್ಬರು ಬಟ್ಟಲಿಗೆ ಆಸರೆ ಕೊಟ್ಟರು. ಅತ್ತು ಮುಗಿಯುವಷ್ಟರಲ್ಲಿ ಗಂಜಿ ಆರಿತ್ತು. ಅಷ್ಟನ್ನೂ ಕುಡಿದೆ.

ಆಮೇಲೆ ದಿನಾಲೂ ಖಾಲಾ ಗಂಜಿ ತರುವುದು, ಅತ್ತೆ ರುಚಿ ನೋಡುವುದು ನಡೆಯಿತು. ಸಂಜೆ ಮಸೀದಿಯ ಬಾಂಗು ಕೇಳುವ ಮೊದಲೇ ರೋಜಾ ಬಿಡಲೆಂದು ಅತ್ತೆ ಹೆಚ್ಚಿದ ಹಣ್ಣು, ನಿಂಬೆ ಪಾನಕ ಗೋಡೆಯಾಚೆ ಕೊಟ್ಟು ಬರುತ್ತಿದ್ದರು.

ಈದ್ ದಿನ ನಾನು ನಡೆದುಕೊಂಡೇ ಅವರ ಮನೆಗೆ ಹೋದೆ. ಊಟಕ್ಕೆಂದು ನೆಲಕ್ಕೆ ಹಾಸಿದ ದಸ್ತರಖಾನಿನ ಬಟ್ಟೆಯ ಸುತ್ತ ಎಲ್ಲರೂ ಕುಳಿತಿದ್ದರು. ನನಗೂ ಅತ್ತೆಗೂ ಜಾಗ ಬಿಟ್ಟರು. ಹಾಲಿನಲ್ಲಿ ಬೆಂದ ಶಾವಿಗೆ, ಖರ್ಜೂರದ ಶೀರ್ ಖುರ್ಮಾ. ಒಂದು ಬಟ್ಟಲು ಮುಗಿಸಿದೆ.

“ಖಾಲಾ, ಇನ್ನೊಂದೀಟು ಹಾಕ್ರಿ” ಎಂದೆ.

ಖಾಲಾ ಬಟ್ಟಲು ತುಂಬಿದರು. ಅತ್ತೆ ಪಕ್ಕದಲ್ಲಿ ಕಣ್ಣೊರೆಸಿಕೊಂಡು, ಖರ್ಜೂರ ಇಷ್ಟು ಸಣ್ಣಗೆ ಹೆಚ್ಚುವುದು ಹೇಗೆಂದು ವಿಚಾರಿಸತೊಡಗಿದರು.