ಮೇಲಿನಕ್ಕ ಕೆಳಗಿಳಿದ ದಿನ

ಬೀದಿಯವರಿಗೆ ಅವಳು ಇಟ್ಟಿಗೆಯಮ್ಮ. ಕಟ್ಟಡದ ಕೆಲಸದಲ್ಲಿ ತಲೆಯ ಮೇಲೆ ಇಟ್ಟಿಗೆ ಹೊತ್ತು ಮಗನನ್ನು ಸಾಕಿದವಳು. ಮಂಡಿ ಸೋತು ಅವಳು ಕೆಲಸ ಬಿಟ್ಟರೂ ಹೆಸರು ಅವಳನ್ನು ಬಿಡಲಿಲ್ಲ. ಈಗ ಬೆಳಗಾದರೆ ಬಟ್ಟೆ ಒಣಹಾಕುವ ನೆಪದಲ್ಲಿ ತಾರಸಿ ಹತ್ತುತ್ತಾಳೆ. ಬೀದಿಯ ಹಿಂದೆ ಏಳುತ್ತಿರುವ ದೊಡ್ಡ ಕಟ್ಟಡದ ಹಳದಿ ಕ್ರೇನಿನತ್ತ ಬೆರಳು ತೋರಿಸುತ್ತಾಳೆ. ಪಕ್ಕದ ತಾರಸಿಯಲ್ಲಿ ಯಾರೇ ಇರಲಿ, ಅವರು ಕೇಳಿಸಿಕೊಳ್ಳಲೇಬೇಕು.

"ಅಲ್ಲಿ ಗಾಜಿನ ಗೂಡು ಕಾಣುತ್ತಲ್ಲ, ಅದರೊಳಗೆ ಕೂತಿರೋದು ನನ್ನ ಸೊಸೆ. ನಾನು ದಿನವೆಲ್ಲಾ ಹೊರ್ತಿದ್ದಿದ್ದನ್ನ ಅವಳು ಒಂದೇ ಸಲಕ್ಕೆ ಎತ್ತುತ್ತಾಳೆ. ಅದೂ ಕೂತ್ಕೊಂಡು!"

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುವ ಗಾದೆಯನ್ನು ಜನ ಸೇಡಿನ ಮಾತಾಗಿ ಹೇಳುತ್ತಾರೆ. ಇಟ್ಟಿಗೆಯಮ್ಮ ಎದೆಯುಬ್ಬಿಸಿ ಹೇಳುತ್ತಿದ್ದಳು.

ಆ ಕಟ್ಟಡದಲ್ಲಿ ಕ್ರೇನು ನಡೆಸಲು ಬಂದ ಮೊದಲ ಹೆಂಗಸು ಈ ಸೊಸೆ. ಕೆಲಸಗಾರರೆಲ್ಲ ಅವಳನ್ನು ಮೇಲಿನಕ್ಕ ಎನ್ನುತ್ತಿದ್ದರು. ಹಾಗಾಗಿ ನೆಲದಲ್ಲಿ ನಿಂತು ಏರಿಸು, ಇಳಿಸು, ತಿರುಗಿಸು ಎಂದು ಅವಳಿಗೆ ಕೈಸನ್ನೆ ಮಾಡುವವನಿಗೆ ಕೆಳಗಿನಣ್ಣ ಎಂಬ ಹೆಸರು ತಾನಾಗಿಯೇ ಬಿತ್ತು. ಆ ಸನ್ನೆಗಳನ್ನೆಲ್ಲ ಮೇಲಿನಕ್ಕ ಅತ್ತೆಗೂ ಕಲಿಸಲು ನೋಡಿದಳು. ಅತ್ತೆಯ ತಲೆಯಲ್ಲಿ ನಿಂತದ್ದು ಒಂದೇ ಒಂದು. ಎರಡೂ ಕೈಗಳನ್ನು ಪಕ್ಕಕ್ಕೆ ಅಗಲವಾಗಿ ಚಾಚಿದರೆ, ನಿಲ್ಲಿಸು.

"ಉಳಿದ ಸನ್ನೆ ಎಲ್ಲಾ ಕೆಳಗಿನಣ್ಣನೇ ಮಾಡ್ಬೇಕು ಅತ್ತೆ. ಇದೊಂದನ್ನ ಮಾತ್ರ ಯಾರು ಬೇಕಾದ್ರೂ ಮಾಡ್ಬಹುದು. ಕಸ ಗುಡಿಸೋರು ಮಾಡಿದ್ರೂ ನಾನು ನಿಲ್ಲಿಸ್ಲೇಬೇಕು. ಯಾಕೆ ಏನು ಅಂತ ಕೇಳೋದೆಲ್ಲಾ ಆಮೇಲೆ."

"ಒಳ್ಳೇ ಕಾನೂನು ಕಣೆ ಇದು!"

ಅಂದಿನಿಂದ ಸೊಸೆ ಬಡಿಸುವಾಗ ಹೆಚ್ಚಾಯಿತೆಂದರೆ ಇಟ್ಟಿಗೆಯಮ್ಮ ಎರಡೂ ಕೈ ಚಾಚುತ್ತಿದ್ದಳು. ಸೊಸೆ ಸೌಟನ್ನು ಗಾಳಿಯಲ್ಲೇ ನಿಲ್ಲಿಸುತ್ತಿದ್ದಳು. ಅಡುಗೆಮನೆ ಅವರ ನಗುವಿನಿಂದ ತುಂಬುತ್ತಿತ್ತು.

ಬೇಸಿಗೆ ಬರುವ ಹೊತ್ತಿಗೆ ಆ ನಗು ನಿಂತುಹೋಯಿತು. ಕಟ್ಟಡ ಬೇಗ ಮುಗಿಯಬೇಕೆಂದು ಮಾಲೀಕರು ಅವಸರ ಹಚ್ಚಿದ್ದರು. ಎರಡನೆಯ ಪಾಳಿಯ ಆಪರೇಟರ್ ಬೇರೆ ಕೆಲಸ ಹಿಡಿದು ಹೋದಾಗ ಅವನ ಪಾಳಿಯೂ ಮೇಲಿನಕ್ಕನ ಹೆಗಲಿಗೆ ಬಿತ್ತು. ಅವಳು ಆಗುವುದಿಲ್ಲ ಎನ್ನಲಿಲ್ಲ. ಒಮ್ಮೆ ಹಾಗೆಂದರೆ ಸಾಕು, "ಹೆಂಗಸಿನ ಕೈಲಿ ಆಗೋದು ಇಷ್ಟೇ" ಎಂದು ಮೂಗು ಮುರಿಯಲು ಜನ ಕಾದು ಕುಳಿತಿದ್ದರು. ಶೌಚಕ್ಕೆಂದು ಅಷ್ಟುದ್ದದ ಏಣಿ ಇಳಿದು ಹತ್ತಬೇಕಾಗುತ್ತದೆಂದು ನೀರು ಕುಡಿಯುವುದನ್ನೇ ಬಿಟ್ಟಳು. ಊಟದ ಡಬ್ಬಿ ಹೋದ ಹಾಗೇ ವಾಪಸು ಬರುತ್ತಿತ್ತು. ನಿದ್ದೆಯಲ್ಲೂ ಅವಳ ಬೆರಳುಗಳು ಕ್ರೇನಿನ ಹಿಡಿಕೆ ಹಿಡಿದಂತೆ ಅಲುಗಾಡುತ್ತವೆ ಎಂದು ಮಗ ತಾಯಿಗೆ ಹೇಳಿದ.

ಅದೇ ದಿನಗಳಲ್ಲಿ ಅವಳ ಮುಟ್ಟು ನಿಂತಿತು. ಬಚ್ಚಲಿನ ಕಪಾಟಿನಲ್ಲಿ ಪ್ಯಾಡಿನ ಪೊಟ್ಟಣ ಒಡೆಯದೇ ಉಳಿದದ್ದನ್ನು ಇಟ್ಟಿಗೆಯಮ್ಮ ಕಂಡಳು. ಮುಂದಿನ ತಿಂಗಳೂ ಅದು ಹಾಗೇ ಇತ್ತು. ಅವಳಿಗೆ ಅಷ್ಟೇ ಸಾಕಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅನ್ನುತ್ತಾರಲ್ಲ, ಇವಳು ನಿಜವಾಗಿಯೂ ಒಂದು ಕುಲಾವಿ ಹೊಲಿಸಿಬಿಟ್ಟಳು. "ಯಾರಿಗೂ ಹೇಳ್ಬೇಡಿ" ಎಂದು ಬೀದಿಯಲ್ಲಿ ಎಲ್ಲರಿಗೂ ಹೇಳಿ ಬಂದಳು.

ಕುಲಾವಿ ನೋಡಿದ ಸೊಸೆ ಅದನ್ನು ಮಡಿಚಿ ಪಕ್ಕಕ್ಕಿಟ್ಟಳು. "ನಾನು ಆಗ್ಲೇ ಟೆಸ್ಟ್ ಮಾಡ್ಕೊಂಡೆ ಅತ್ತೆ. ಏನೂ ಇಲ್ಲ."

"ಮತ್ತೆ ಯಾಕೆ ಆಗ್ತಿಲ್ಲ?"

"ಗೊತ್ತಿಲ್ಲ. ಆಗದೇ ಇದ್ರೆ ಒಳ್ಳೇದೇ ಅಲ್ವಾ? ಮೇಲೆ ಕೂತಾಗ ಒಂದು ತಾಪತ್ರಯ ಕಡಿಮೆ."

ಇಟ್ಟಿಗೆಯಮ್ಮ ಕುಲಾವಿಯನ್ನು ಮರೆತಳು. ಇದೇ ಮಾತನ್ನು ಒಂದು ಕಾಲದಲ್ಲಿ ಅವಳೂ ಆಡಿದ್ದಳು. ಇಬ್ಬರು ಮೇಸ್ತ್ರಿಗಳ ಹತ್ತಿರ ದುಡಿಯುತ್ತಿದ್ದ ವರ್ಷ ಅವಳ ಮುಟ್ಟೂ ನಿಂತಿತ್ತು, ಕೂದಲು ಕೈತುಂಬ ಉದುರುತ್ತಿತ್ತು. ನಿಂತಿತಲ್ಲ, ಪೀಡೆ ಕಳೆಯಿತು ಎಂದುಕೊಂಡಿದ್ದಳು. ಮುಂದೊಂದು ದಿನ ರಕ್ತ ಒಮ್ಮೆಲೇ ಕಟ್ಟೆಯೊಡೆದು, ಕಣ್ಣು ಕತ್ತಲೆಗಟ್ಟಿ ಇಟ್ಟಿಗೆಯ ಸಮೇತ ಮೆಟ್ಟಿಲ ಮೇಲೆ ಬಿದ್ದಿದ್ದಳು. ಯಾಕೆ ಹಾಗಾಯಿತೆಂದು ಅವಳು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಈ ಹುಡುಗಿ ಕೂತಿರುವುದು ಮೆಟ್ಟಿಲ ಮೇಲಲ್ಲ, ಮೋಡದ ಪಕ್ಕದಲ್ಲಿ. ಮರುದಿನವೇ ಸೊಸೆಯನ್ನು ಡಾಕ್ಟರ ಬಳಿ ಎಳೆದೊಯ್ದಳು.

ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು, ಸ್ಕ್ಯಾನ್ ಮಾಡಿಸಿದರು, ಎಲ್ಲ ನೋಡಿದ ಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

"ಗರ್ಭಕೋಶ ಚೆನ್ನಾಗಿದೆ, ಥೈರಾಯ್ಡೂ ಸರಿಯಾಗಿದೆ. ಒತ್ತಡ ಬಂದಾಗ ಮೈಯಲ್ಲಿ ಕಾರ್ಟಿಸಾಲ್ ಅಂತ ಒಂದು ಹಾರ್ಮೋನ್ ಏರುತ್ತೆ. ಏರೋದು ತಪ್ಪಲ್ಲ. ಅಷ್ಟು ಭಾರ ತೂಗಾಡ್ತಿರುವಾಗ ನಿಮ್ಮನ್ನ ಎಚ್ಚರವಾಗಿ ಇಡೋದೇ ಅದು. ಆದ್ರೆ ಕೆಲಸ ಮುಗಿದ ಮೇಲೆ ಇಳೀಬೇಕು. ನೀವು ಅದಕ್ಕೆ ಇಳಿಯೋಕೇ ಬಿಡ್ತಿಲ್ಲ. ಊಟ ಇಲ್ಲ, ನಿದ್ದೆ ಇಲ್ಲ. ಆಗ ಮೆದುಳು, ಇದು ಕಷ್ಟಕಾಲ, ಮಗು ಹೊರೋ ಕಾಲ ಅಲ್ಲ ಅಂತ ಅಂಡಾಶಯಕ್ಕೆ ಕಳಿಸೋ ಸೂಚನೆಗಳನ್ನ ತಡೆದುಬಿಡುತ್ತೆ. ಅದಕ್ಕೇ ಮುಟ್ಟು ಬರ್ತಿಲ್ಲ. ಹೀಗೇ ಬಹಳ ದಿನ ಬಿಟ್ರೆ ಮೂಳೇನೂ ಸವೆಯುತ್ತೆ."

ಇಟ್ಟಿಗೆಯಮ್ಮ ನಡುವೆ ಬಾಯಿ ಹಾಕಿದಳು. "ಹಾಗಾದ್ರೆ ಕೆಲಸ ಬಿಡ್ಬೇಕಾ?" ಈ ಪ್ರಶ್ನೆ ಕೇಳುವಾಗ ಅವಳ ಕಣ್ಣ ಮುಂದೆ ಬಂದದ್ದು ತಾರಸಿ.

"ಕೆಲಸ ಯಾಕೆ ಬಿಡ್ಬೇಕಮ್ಮ? ಒಬ್ಬರ ಮೇಲೆ ಇಬ್ಬರ ಕೆಲಸ ಹಾಕೋದು ಬಿಡ್ಬೇಕು. ಹೊತ್ತಿಗೆ ಸರಿಯಾಗಿ ಊಟ, ನೀರು, ನಿದ್ದೆ ಆಗ್ಬೇಕು."

ಮನೆಗೆ ಬಂದ ಮೇಲೆ ಸೊಸೆ ಒಂದೇ ಮಾತು ಹೇಳಿದಳು. "ಈಗ ಆಗಲ್ಲ ಅಂದ್ರೆ ನನ್ನ ಸೀಟು ಹೋಗುತ್ತೆ ಅತ್ತೆ. ನಾನಾದ ಮೇಲೆ ಬೇರೆ ಹೆಂಗಸನ್ನ ಆ ಏಣಿ ಹತ್ತೋಕೂ ಬಿಡಲ್ಲ." ಮರುದಿನ ಎಂದಿನಂತೆ ಡಬಲ್ ಪಾಳಿಗೆ ಹೊರಟಳು, ಡಬ್ಬಿಯನ್ನೂ ಮರೆತು.

ಅವತ್ತು ಇಟ್ಟಿಗೆಯಮ್ಮ ತಾರಸಿ ಹತ್ತಲಿಲ್ಲ. ಡಬ್ಬಿ, ನೀರಿನ ಬಾಟಲಿ ಹಿಡಿದು ಸೀದಾ ಕಟ್ಟಡದ ಗೇಟಿಗೆ ನಡೆದಳು. ಕಾವಲಿನವನು ಕೊಟ್ಟ ಹೆಲ್ಮೆಟ್ ಕಣ್ಣು ಮುಚ್ಚುವಷ್ಟು ದೊಡ್ಡದಿತ್ತು. ಭಾರ ಗಾಳಿಯಲ್ಲಿರುವಾಗ ತಂಟೆಗೆ ಹೋಗಬಾರದು ಎನ್ನುವುದು ಅವಳಿಗೆ ಗೊತ್ತಿತ್ತು. ಕಬ್ಬಿಣದ ಕಂಬಿಗಳ ಕಟ್ಟು ನೆಲ ಮುಟ್ಟಿ, ಸರಪಳಿ ಬಿಚ್ಚಿ, ಖಾಲಿ ಕೊಕ್ಕೆ ಮೇಲೇಳುವವರೆಗೂ ಕಾದಳು. ಆಮೇಲೆ ಕೆಳಗಿನಣ್ಣನ ಪಕ್ಕಕ್ಕೆ ಹೋಗಿ ನಿಂತು ಎರಡೂ ಕೈಗಳನ್ನು ಅಗಲವಾಗಿ ಚಾಚಿದಳು.

ಕೊಕ್ಕೆ ನಿಂತಿತು. ಕ್ರೇನು ನಿಂತಿತು. ಅದರ ಹಿಂದೆ ಇಡೀ ಕಟ್ಟಡದ ಕೆಲಸವೇ ನಿಂತಿತು.

ಎಂಜಿನಿಯರ್ ಓಡಿ ಬಂದ. "ಯಾರು ನಿಲ್ಲಿಸಿದ್ದು? ಏನಾಯ್ತು?"

ಇಟ್ಟಿಗೆಯಮ್ಮ ದಾರಿಯುದ್ದಕ್ಕೂ ಭಾಷಣ ಕಟ್ಟಿಕೊಂಡು ಬಂದಿದ್ದಳು. ಅದೆಲ್ಲ ಎಲ್ಲಿ ಹೋಯಿತೋ. "ನಿಲ್ಲಿಸಿದ್ದು ನಾನು. ಏನಾಯ್ತು ಅಂತ ನನ್ನ ಸೊಸೆ ಹೇಳ್ತಾಳೆ" ಎಂದಳು.

ಮೇಲಿನಕ್ಕ ಇಳಿಯುತ್ತಿದ್ದಳು. ಅಷ್ಟು ದೊಡ್ಡ ಏಣಿ, ಅಷ್ಟು ಜನ ಕತ್ತೆತ್ತಿ ನೋಡುತ್ತಿದ್ದರು. ಅತ್ತೆಗೆ ಅರಳುಮರಳು ಸರ್, ಎಂದುಬಿಟ್ಟರೆ ಅವಳ ಸೀಟು ಉಳಿಯುತ್ತಿತ್ತು. ಹಾಗೇ ಹೇಳುತ್ತಾಳೆಂದುಕೊಂಡೇ ಇಟ್ಟಿಗೆಯಮ್ಮ ನೀರಿನ ಬಾಟಲಿಯನ್ನು ಮುಂದೆ ಹಿಡಿದಳು. ಸೊಸೆ ನೆಲಕ್ಕೆ ಕಾಲಿಟ್ಟು, ಅತ್ತೆಯ ಕೈಯಿಂದ ಬಾಟಲಿ ತೆಗೆದುಕೊಂಡು, ಎಲ್ಲರೆದುರು ಗಟಗಟನೆ ಕುಡಿದಳು.

"ಸರ್, ನನಗೆ ಮುಟ್ಟು ನಿಂತು ತಿಂಗಳುಗಳಾದ್ವು. ಬಸುರಿ ಅಲ್ಲ. ಒತ್ತಡಕ್ಕೆ ಹೀಗಾಗಿದೆ ಅಂತ ಡಾಕ್ಟರ್ ಹೇಳಿದ್ದಾರೆ." ಗಂಡಸರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಂಡರು. ಅವಳು ಮಾತ್ರ ತಲೆ ತಗ್ಗಿಸಲಿಲ್ಲ. "ನಾನು ಕೆಲಸ ಬಿಡಲ್ಲ. ಇನ್ನು ಒಂದೇ ಪಾಳಿ ಮಾಡ್ತೀನಿ. ಊಟಕ್ಕೆ ಇಳೀತೀನಿ, ನೀರು ಕುಡೀತೀನಿ, ಶೌಚಕ್ಕೂ ಇಳೀತೀನಿ. ಕ್ರೇನಿನ ಹಗ್ಗದಲ್ಲಿ ಎಳೆ ಹರಿದ್ರೆ ನೀವೇ ನಿಲ್ಲಿಸ್ತೀರಲ್ವಾ?"

ಕೆಳಗಿನಣ್ಣ ಕೆಮ್ಮಿದ. "ಸರ್, ಅಕ್ಕನ ಕೈ ಈಚೆಗೆ ನನ್ನ ಸನ್ನೆಗೆ ತಡವಾಗ್ತಿತ್ತು. ಅವರ ಸೀಟು ಹೋಗುತ್ತೆ ಅಂತ ನಾನೂ ಬಾಯಿ ಬಿಡ್ಲಿಲ್ಲ."

ಎಂಜಿನಿಯರ್ ಮುಖ ಒರೆಸಿಕೊಂಡ. "ಮೊದಲೇ ಹೇಳ್ಬಾರ್ದಿತ್ತೇನಮ್ಮ?"

"ಹೇಳಿದ್ರೆ ಏನಂತಿದ್ರಿ ಸರ್?"

ಎಂಜಿನಿಯರ್ ಫೋನು ತೆಗೆದು ಆಫೀಸಿಗೆ ಕರೆ ಮಾಡಿದ. ಕೆಲವೇ ದಿನಗಳಲ್ಲಿ ಎರಡನೆಯ ಪಾಳಿಗೆ ಬೇರೆ ಆಪರೇಟರ್ ಬಂದ, ಮೇಲಿನಕ್ಕನ ಸೀಟು ಮೇಲಿನಕ್ಕನಿಗೇ ಉಳಿಯಿತು. ಕ್ರೇನು ನಿಲ್ಲಿಸಿದ ಆ ದಿನ ಮನೆಗೆ ಬರುವಾಗ ಅತ್ತೆ, "ಬೈಯೋದಿದ್ರೆ ಬೈದುಬಿಡೇ" ಎಂದಳು. ಸೊಸೆ, "ಹೆಲ್ಮೆಟ್ ಹಿಂದುಮುಂದಾಗಿ ಹಾಕ್ಕೊಂಡಿದ್ರಿ ಅತ್ತೆ" ಎಂದು ಅವಳ ಕೈ ಹಿಡಿದುಕೊಂಡಳು.

ಮೈ ಅಷ್ಟು ಬೇಗ ನಂಬಲಿಲ್ಲ. ಡಬ್ಬಿ ಖಾಲಿಯಾಗಿ ಬರತೊಡಗಿತು, ನಿದ್ದೆಯಲ್ಲಿ ಬೆರಳುಗಳು ಸುಮ್ಮನಾದವು. ಪ್ಯಾಡಿನ ಪೊಟ್ಟಣ ಮಾತ್ರ ಹಾಗೇ ಇತ್ತು. "ಮುಟ್ಟಾದ ದಿನ ಮೇಲಿಂದ್ಲೇ ಒಂದು ಹಾರ್ನ್ ಹೊಡಿ" ಎಂದು ಅತ್ತೆ ತಮಾಷೆ ಮಾಡಿದ್ದಳು.

ಮಳೆಗಾಲ ಕಳೆದ ಒಂದು ಬೆಳಗ್ಗೆ ಇಟ್ಟಿಗೆಯಮ್ಮ ತಾರಸಿಯಲ್ಲಿ ಬಟ್ಟೆ ಹಿಂಡುತ್ತಿದ್ದಳು. ಕ್ರೇನಿನಿಂದ ಉದ್ದನೆಯ ಒಂದು ಹಾರ್ನ್ ಬಂತು. ಪಕ್ಕದ ತಾರಸಿಯವಳು, "ಏನಂತೆ ಅದು?" ಎಂದಳು. ಇಟ್ಟಿಗೆಯಮ್ಮನಿಗೆ ಕಣ್ಣು ತುಂಬಿ ಬಂತು. ಒದ್ದೆ ಬಟ್ಟೆ ಕೆಳಗೆ ಬಿಟ್ಟು, ಸಂತೋಷ ತಡೆಯಲಾರದೆ, ತನಗೆ ಗೊತ್ತಿದ್ದ ಒಂದೇ ಸನ್ನೆಯನ್ನು ಮಾಡಿದಳು. ಎರಡೂ ಕೈ ಅಗಲಕ್ಕೆ ಚಾಚಿದಳು.

ಖಾಲಿ ಕೊಕ್ಕೆ ಹೊತ್ತು ತಿರುಗುತ್ತಿದ್ದ ಕ್ರೇನು ಅಲ್ಲೇ ಗಕ್ಕನೆ ನಿಂತಿತು.

"ನೋಡಿದ್ರಾ?" ಎಂದಳು ಇಟ್ಟಿಗೆಯಮ್ಮ, ಚಾಚಿದ ಕೈ ಇಳಿಸದೆ. "ಅಷ್ಟು ಮೇಲಿಂದ್ಲೂ ನನ್ನ ಕೈ ಕಂಡಿತು ಅವಳಿಗೆ."